ಉಡಿ ತುಂಬುವ ಮುಂಚೆ ಕೇಳಿದ ಮಾತು

ಹುಕ್ಕೇರಿಯ ಶಿವಗಂಗವ್ವನ ಕೈಗುಣದ ಮೇಲೆ ಮಂದಿಗೆ ಭಾರಿ ನಂಬಿಕೆ. ಗಂಡನ ಮನೆಯಿಂದ ನೊಂದು ಬಂದು ತವರಲ್ಲಿ ಕೂತ ಹೆಣ್ಣನ್ನು ಹಿರಿಯರು ನ್ಯಾಯ ಮಾಡಿ ತಿರುಗಿ ಕಳಿಸುವಾಗ ಉಡಿ ತುಂಬುವುದು ಪದ್ಧತಿ. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಸೆರಗಿಗೆ ಬಿದ್ದವೆಂದರೆ ಮಾತು ಮುಗಿಯಿತು. ಆಮೇಲೆ ಹೆಣ್ಣು ಒಲ್ಲೆ ಎನ್ನುವಂತಿಲ್ಲ. ಆ ಕೆಲಸಕ್ಕೆ ಗೋಕಾಕ, ಮೂಡಲಗಿ ಕಡೆಯಿಂದಲೂ ಶಿವಗಂಗವ್ವನಿಗೇ ಕರೆ. ಮುತ್ತೈದೆ, ಮಕ್ಕಳೊಂದಿಗಳು, ತುಂಬಿದ ಮನೆಯ ಹಿರಿಸೊಸೆ.

ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಈ ಹೆಂಗಸು ತೊಂಬತ್ತೆಂಟನೇ ಇಸವಿಯಲ್ಲಿ ಮಹಿಳಾ ಸಂಘದ ತರಬೇತಿಗೆ ಹೋದಳು. ನೊಂದ ಹೆಣ್ಣುಮಕ್ಕಳ ಕೂಡ ಮಾತಾಡುವುದು ಹೇಗೆಂಬ ತರಬೇತಿ.

"ಇದಕ್ಕೂ ಕಲಿಯೂದ ಬೇಕೇನ್ರಿ? ಹೊಂದಿಕೊಂಡ ಹೋಗವಾ ಅಂದ್ರ ಮುಗೀತಲ್ಲ!" ಎಂದು ಮೊದಲ ದಿನವೇ ನಗಾಡಿದಳು.

ಕಲಿಸುತ್ತಿದ್ದ ಆರತಿಬಾಯಿ ನಗಲಿಲ್ಲ. "ಹೊಂದಿಕೊಳ್ಳಾಕ ಆಕಿಗೇ ಯಾಕ ಹೇಳ್ತೀರಿ ಅವ್ವಾರ? ಅವಂಗ್ಯಾಕ ಹೇಳೂದಿಲ್ಲ?"

ಆ ಮಾತು ಅಂಗಾಲಿನ ಮುಳ್ಳಾಗಿ ಉಳಿಯಿತು. ಅಂದಿನಿಂದ ಸಂತೆಯ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಸಂಘದ ಕೋಣೆಯಲ್ಲಿ, ನೊಂದು ಬಂದವರ ಮಾತು ಕೇಳಲು ಚಾಪೆ ಹಾಸಿ ಕೂರತೊಡಗಿದಳು. ಕುರ್ಚಿ ಕೊಟ್ಟರೆ ಒಲ್ಲೆ ಎಂದಳು. ಬಂದವಳ ಸರಿಸಮ ಕೂರಬೇಕು.

ಗಂಡನ ಮನೆ ಬಿಟ್ಟು ತವರು ಮೇಲವಂಕಿಯಲ್ಲಿ ಕೂತಿದ್ದ ಅನ್ನಪೂರ್ಣಾ ಹುಕ್ಕೇರಿಯ ಚಿಗವ್ವನನ್ನು ನೋಡುವ ನೆವ ಮಾಡಿಕೊಂಡು ಬಂದದ್ದು ಆ ಚಾಪೆಗೇ. ಗಂಡ ಬಾಳೇಶ ಕೌಜಲಗಿಯವನು, ಅಂಗಡಿಯೊಂದರಲ್ಲಿ ಕೆಲಸ. ಅವಳ ಮೊಣಕೈ ಮೇಲೆ ಬಾಸುಂಡೆ.

"ನಂದೂ ತಪ್ಪ ಐತ್ರಿ. ರೊಟ್ಟಿ ತಡಾ ಆತು. ಅವರಿಗೆ ಸಿಟ್ಟ ಬಂದ್ರ ಕೈ ತಡಿಯಾಂಗಿಲ್ಲ."

"ಅಂಗಡಿ ಸಾವ್ಕಾರ ಬೈದ್ರ ಅವಂಗ ಸಿಟ್ಟ ಬರೂದಿಲ್ಲೇನ?"

"ಬರ್ತೈತ್ರಿ."

"ಸಾವ್ಕಾರಗ ಹೊಡೀತಾನ?"

ಅನ್ನಪೂರ್ಣಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅಂದ್ರ ಕೈ ತಡೀತೈತಿ," ಎಂದಳು, ತನಗೇ ಹೇಳಿಕೊಂಡಂತೆ.

ಕೆಲವು ದಿನಕ್ಕೆ ಅವಳ ಕಾಕಾ ಗುರುಲಿಂಗಪ್ಪ ಶಿವಗಂಗವ್ವನ ಮನೆಗೆ ಬಂದ. ಅನ್ನಪೂರ್ಣಾ ಚಾಪೆಗೆ ಬಂದದ್ದು ಅವನಿಗೆ ಗೊತ್ತಿಲ್ಲ. "ನ್ಯಾಯ ಮುಗೀತ್ರಿ. ನಮ್ಮ ಹುಡುಗಿ ಉಡಿ ತುಂಬಾಕ ನೀವ ಬರಬೇಕು."

ಶಿವಗಂಗವ್ವ ಇಕ್ಕಟ್ಟಿಗೆ ಸಿಕ್ಕಳು. ಒಲ್ಲೆ ಎಂದರೆ ಬೇರೆ ಯಾರೋ ತುಂಬುತ್ತಾರೆ. ತುಂಬಿದರೆ ಹುಡುಗಿಯನ್ನು ತಾನೇ ಆ ಬಡಿತಕ್ಕೆ ನೂಕಿದಂತೆ. ಹೋಗಬೇಡ ಎಂದು ಮೊದಲೇ ಹೇಳಿಬಿಡಲೇ ಎಂದು ಆರತಿಬಾಯಿಯನ್ನು ಕೇಳಿದಳು.

"ಹೋಗು ಅನ್ನಾಕ ಅವ್ರು, ಹೋಗಬ್ಯಾಡ ಅನ್ನಾಕ ನೀವು. ಆಕಿ ಏನಂತಾಳ, ಯಾರ ಕೇಳೀರಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಶಿವಗಂಗವ್ವನಿಗೆ ಒಂದೇ ಚಿಂತೆ: ಕೇಳಿದ ಮೇಲೆ ಹುಡುಗಿ ಅಂಜಿ ಹೂಂ ಎಂದುಬಿಟ್ಟರೆ?

ಮೇಲವಂಕಿಯ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ಬಾಳೇಶ ಬಾಗಿಲ ಬಳಿ ಕೂತು ಕಾಲು ಕುಣಿಸುತ್ತಿದ್ದ. ಅನ್ನಪೂರ್ಣಾ ಮಣೆಯ ಮೇಲೆ ತಲೆ ತಗ್ಗಿಸಿದ್ದಳು. ಅವಳ ತಾಯಿ ಶಂಕ್ರವ್ವ ಅಕ್ಕಿಯ ಪರಾತ ತಂದು ಕೊಟ್ಟಳು.

ಶಿವಗಂಗವ್ವ ಅದನ್ನು ಪಕ್ಕಕ್ಕಿಟ್ಟು, ಹುಡುಗಿಯ ಎದುರು ನೆಲದ ಮೇಲೆ ಕುಳಿತಳು.

"ನೀ ಏನಂತಿ ಅನ್ನಪೂರ್ಣಾ? ಉಡಿ ಒಡ್ಡತಿಯೋ ಇಲ್ಲೋ? ಏನಂದ್ರೂ ನಾ ನಿನ್ನ ಕೂಡ ಅದೇನಿ."

"ಇದೇನ್ರಿ ಹೊಸಾ ಪದ್ಧತಿ?" ಗುರುಲಿಂಗಪ್ಪ ಸಿಡುಕಿದ. "ಹಿರ್ಯಾರ ಮಾತಾಡಿ ಆಗೇತಿ. ಲಗೂನ ತುಂಬ್ರಿ."

ಯಾರೋ ಕೆಮ್ಮಿದರು. ಅನ್ನಪೂರ್ಣಾಳ ಕೈ ಸೆರಗಿಗೆ ಹೋಯಿತು. ಒಡ್ಡಬೇಡವೇ ಎಂಬ ಮಾತು ಶಿವಗಂಗವ್ವನ ನಾಲಿಗೆಯ ತುದಿಗೆ ಬಂದಿತ್ತು. ಉಗುಳಿನ ಕೂಡ ನುಂಗಿಕೊಂಡಳು.

ಅನ್ನಪೂರ್ಣಾ ಸೆರಗು ಒಡ್ಡಲಿಲ್ಲ. ಸುತ್ತಿ ಟೊಂಕಕ್ಕೆ ಸಿಕ್ಕಿಸಿದಳು.

"ಇವತ್ತ ಒಡ್ಡಾಂಗಿಲ್ಲ ಕಾಕಾ. ಸಾವ್ಕಾರನ ಮುಂದ ತಡಿಯೂ ಕೈ ನನ್ನ ಮುಂದೂ ತಡೀಲಿ. ಆಮ್ಯಾಲ ನೋಡೂಣು."

ಬಾಳೇಶನ ಕಾಲು ಕುಣಿತ ನಿಂತಿತು. ದಡಕ್ಕನೆ ಎದ್ದು ಹೊರಗೆ ಹೋದ.

"ಇದನ್ನ ನೀವೇ ಕಲಿಸೀರಿ!" ಗುರುಲಿಂಗಪ್ಪ ಶಿವಗಂಗವ್ವನ ಕಡೆ ತಿರುಗಿದ. "ಇನ್ನ ಈ ಹೊಸ್ತಿಲಾ ತುಳೀಬ್ಯಾಡ್ರಿ."

ಅಲ್ಲಿಯವರೆಗೆ ಗೋಡೆಗೆ ಆನಿಕೊಂಡು ನಿಂತಿದ್ದ ಶಂಕ್ರವ್ವ ಬಂದು ಪರಾತ ಎತ್ತಿಕೊಂಡಳು.

"ಅಕ್ಕಿ ಒಲಿ ಮ್ಯಾಲ ಇಡ್ತೀನಿ. ನನ್ನ ಮಗಳು ಮುಂಜಾನಿಂದ ಉಂಡಿಲ್ಲ. ಶಿವಗಂಗವ್ವಾರೂ ಉಂಡ ಹೋಗ್ಲಿ."

ಅನ್ನಪೂರ್ಣಾ, ಶಿವಗಂಗವ್ವ ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತು ಉಂಡರು. ಬಾಳೇಶನ ಮೋಟರ್‌ಸೈಕಲ್ಲು ಇನ್ನೂ ಬಾಗಿಲ ಮುಂದೆಯೇ ಇತ್ತು. ಅದು ಹೊರಟು ಹೋದ ಸಪ್ಪಳ ಕಿವಿಗೆ ಬೀಳುವ ತನಕ ಶಿವಗಂಗವ್ವ ತಾಟಿನ ಮುಂದಿನಿಂದ ಏಳಲಿಲ್ಲ.