ಏಳನೇ ದಿಮ್ಮಿಯ ಆಚೆ

ಕೆಲಸಕ್ಕೆ ಸೇರಿದ ಎರಡನೇ ದಿನವೇ ಹರಿಕೃಷ್ಣ ಮಾಲೀಕರ ಜಮೀನು ಉಳಿಸಿದ. ಉಳಿಸಿದೆನೆಂದು ಅವನಿಗೆ ಸುಮಾರು ಹತ್ತು ನಿಮಿಷ ಅನ್ನಿಸಿತ್ತು.

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ, ಒಂದು ಕಾಲಕ್ಕೆ ದ್ರಾಕ್ಷಿ ತೋಟವಾಗಿದ್ದ ಹದಿನೆಂಟು ಎಕರೆಯಲ್ಲಿ ರಮೇಶ್‌ಬಾಬು ಎಂಬವರು ಕುದುರೆ ಸವಾರಿ ಶಾಲೆ ಇಟ್ಟಿದ್ದರು. ಹರಿಕೃಷ್ಣನಿಗೆ ಅಲ್ಲಿ ಆಫೀಸಿನ ಕೆಲಸ. ಫೋನೆತ್ತುವುದು, ಬುಕಿಂಗ್ ಬರೆಯುವುದು, ಬೆಂಗಳೂರಿನಿಂದ ಬಂದವರಿಗೆ ಶೌಚಾಲಯ ಎಲ್ಲಿದೆಯೆಂದು ತೋರಿಸುವುದು. ಆ ಬೆಳಗ್ಗೆ ಕಿಟಕಿಯಿಂದ ನೋಡಿದರೆ, ಮೊಣಕಾಲುದ್ದದ ಬೂಟು ಹಾಕಿದ ಹೆಣ್ಣುಮಗಳೊಬ್ಬಳು ಹುಲ್ಲಿನಲ್ಲಿ ದಾಪುಗಾಲು ಹಾಕುತ್ತ, ಬಾಯಲ್ಲೇ ಎಣಿಸುತ್ತ, ಅಲ್ಲಲ್ಲಿ ನಿಂತು ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಈ ಸೀಮೆಯಲ್ಲಿ ಹೊಸಬರು ಹೊಲದಲ್ಲಿ ಹೆಜ್ಜೆ ಎಣಿಸಿದರೆ ಲೇಔಟು ಬರುತ್ತಿದೆ ಎಂದೇ ಲೆಕ್ಕ. ಹರಿಕೃಷ್ಣ ಮೊದಲು ಮಾಲೀಕರಿಗೆ ಫೋನು ಮಾಡಿ, ‘ಸಾರ್, ನಿಮ್ಮ ಜಮೀನು ಯಾರೋ ಅಳೀತಾವ್ರೆ’ ಎಂದ. ನಿಷ್ಠೆ ಮುಗಿದ ಮೇಲೆ ಸ್ವಾರ್ಥ ಎದ್ದಿತು. ಹುಲ್ಲಿಗಿಳಿದು ಹೋಗಿ ಮೆಲ್ಲಗೆ ಕೇಳಿದ:

‘ಮೇಡಂ, ತೊಂಡೇಬಾವಿ ಕಡೆಗೂ ಬರ್ತದಾ ಈ ಲೇಔಟು? ನಮ್ದೊಂದು ಅರ್ಧ ಎಕರೆ ಇದೆ.’

ಎಣಿಕೆ ತಪ್ಪಿಸಿದ್ದಕ್ಕೆ ಅವಳು ಮುಖ ಗಂಟಿಕ್ಕಿದಳು. ‘ನಿಮ್ಮ ಅರ್ಧ ಎಕರೇಲಿ ಕುದುರೆ ಹಾರ್ಸಕ್ಕಾಗಲ್ಲ ಕಣಪ್ಪ. ತಿರುಗಿಸಕ್ಕೂ ಜಾಗ ಸಾಲಲ್ಲ.’

ಅವಳೇ ತನುಜ. ಆ ಶಾಲೆಯಲ್ಲಿ ಸವಾರಿ ಕಲಿಸುವವಳು.

ಎಣಿಸುತ್ತಿದ್ದದ್ದು ಕುದುರೆಯ ಹೆಜ್ಜೆ. ಬಯಲಿನಲ್ಲಿ ಅಲ್ಲಲ್ಲಿ ದಿಮ್ಮಿ, ಹಳ್ಳ, ನೀರಿನ ಹೊಂಡ ಇರುತ್ತವೆ. ಎಲ್ಲವನ್ನೂ ಓಟದಲ್ಲೇ ಹಾರಿ ದಾಟಬೇಕು. ಅದಕ್ಕೆ ಕ್ರಾಸ್‌ಕಂಟ್ರಿ ಎನ್ನುತ್ತಾರೆ. ಕುದುರೆ ಆ ದಾರಿಯನ್ನು ಮುಂಚೆ ನೋಡಿರುವುದಿಲ್ಲ. ಸವಾರರು ನಡೆದು ನೋಡಿರಬೇಕು. ಮನುಷ್ಯರ ನಾಲ್ಕು ದಾಪುಗಾಲಿಗೆ ಕುದುರೆಯ ಒಂದು ನೆಗೆತ. ಕೊನೆಯ ನಡಿಗೆ ಮುಗಿದ ಮೇಲೆ ಆ ದಾರಿಯಲ್ಲಿ ಯಾರೂ ಏನನ್ನೂ ಇಡಬಾರದು, ಎತ್ತಬಾರದು. ‘ನಾನು ನೋಡಿದ್ದನ್ನ ನಂಬ್ಕೊಂಡು ಅದು ಹಾರ್ತದೆ,’ ಎನ್ನುತ್ತಿದ್ದಳು ತನುಜ. ಆ ನಿಯಮವನ್ನು ದೊಡ್ಡಕ್ಷರದಲ್ಲಿ ಟೈಪು ಮಾಡಿ ಗೇಟಿಗೆ ಅಂಟಿಸಿದವನು ಹರಿಕೃಷ್ಣನೇ. ಎರಡು ಕಾಗುಣಿತ ತಪ್ಪಿತ್ತು. ಅರ್ಥ ಮಾತ್ರ ಸ್ಪಷ್ಟವಾಗಿತ್ತು.

ತನುಜ ನಗರಗೆರೆಯವಳು. ಅಪ್ಪ ಮುನಿನಾರಾಯಣಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಕುದುರೆ ಮೇಲೆ ಕೂತ ಮಗಳ ಪಟ. ಪಶುಸಂಗೋಪನೆಯ ಡಿಪ್ಲೊಮಾ ಓದುವಾಗ ಎನ್‌ಸಿಸಿಯಲ್ಲಿ ಮೊದಲ ಸಲ ಕುದುರೆ ಹತ್ತಿದ್ದಳಂತೆ. ಇಳಿದವಳೇ ಅಪ್ಪನಿಗೆ ಫೋನು ಮಾಡಿ ‘ನಂಗೆ ಕೆಲ್ಸ ಸಿಕ್ತು’ ಎಂದಳಂತೆ. ಯಾರೂ ಕೊಟ್ಟಿರಲಿಲ್ಲ. ಎರಡು ವರ್ಷ ಬಿಟ್ಟು ರಮೇಶ್‌ಬಾಬು ಕೊಟ್ಟರು. ‘ನಮ್ಮಪ್ಪನ ಮದುವೆ ಮೆರವಣಿಗೆಗೆ ಊರೋರು ಕುದುರೆ ಕೊಡ್ಲಿಲ್ಲಂತೆ,’ ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ‘ಈಗ ಕುದುರೆ ಸಾಕಿರೋರ ಮಕ್ಕಳು ನಮ್ಮ ಹುಡುಗಿ ಹತ್ರ ಕಲೀತವ್ರೆ ನೋಡಪ್ಪ.’

ಕಲಿಯಲು ಬಂದವರಿಗೆ ತನುಜ ಮೊದಲ ದಿನ ಕುದುರೆ ಹತ್ತಿಸುತ್ತಿರಲಿಲ್ಲ. ಮರಳಿನ ಮೇಲೆ ಬೀಳಿಸುತ್ತಿದ್ದಳು. ‘ಬೀಳ್ತೀಯ. ಯಾವಾಗ ಅನ್ನೋದಷ್ಟೇ ಗೊತ್ತಿಲ್ಲ. ಕೈ ಊರಬೇಡ, ಉರುಳು.’ ಹರಿಕೃಷ್ಣನನ್ನೂ ಒಮ್ಮೆ ಬೀಳಿಸಿದಳು. ಅವನು ಕೈಯೂರಿ ಬಿದ್ದು ಒಂದು ವಾರ ಎಡಗೈಯಲ್ಲಿ ಬುಕಿಂಗ್ ಬರೆದ.

ಅವಳ ಕುದುರೆ ರೇಸಿನಿಂದ ನಿವೃತ್ತವಾದದ್ದು. ಕಾಗದದಲ್ಲಿ ಅದಕ್ಕೆ ಮೂರು ಪದಗಳ ಇಂಗ್ಲಿಷ್ ಹೆಸರಿತ್ತು. ಶಿಡ್ಲಘಟ್ಟದಲ್ಲಿ ಜಟಕಾ ಓಡಿಸಿ ಈಗ ಇಲ್ಲಿ ಕುದುರೆ ನೋಡಿಕೊಳ್ಳುವ ಮುನಿಗಂಗಪ್ಪ ಅದನ್ನು ಸೀನ ಎಂದ, ಅದೇ ನಿಂತಿತು.

ಹರಿಕೃಷ್ಣನ ಮನೆಯಲ್ಲಿ ಬೈಕು ತೊಳೆದರೂ ನಿಂಬೆಹಣ್ಣು ಕಟ್ಟುತ್ತಿದ್ದರು. ಅವನೊಮ್ಮೆ ಸೀನನ ಜೀನಿಗೂ ಒಂದು ಕಟ್ಟಿದ. ತನುಜ ಬಿಚ್ಚಿ ಅವನ ಕೈಗೇ ಕೊಟ್ಟಳು. ‘ಹರಿ, ನಮ್ಮನೇಲಿ ಇದೆಲ್ಲ ಇಲ್ಲ. ನನಗೋಸ್ಕರ ಏನೂ ಕಟ್ಬೇಡ, ಒಡೀಬೇಡ. ಶರಬತ್ತು ಮಾಡ್ಕೊಂಡು ಕುಡಿ.’ ಅವನು ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಫೆಬ್ರವರಿಯಲ್ಲಿ ಶಾಲೆಯ ಮೊದಲ ಸ್ಪರ್ಧೆ. ಬೆಳಗ್ಗೆ ರಮೇಶ್‌ಬಾಬು ಗೇಟಿನಲ್ಲಿ ಪೂಜೆ ಮಾಡಿಸಿ ಬೂದುಗುಂಬಳ ಒಡೆಸಿದರು. ತಂದದ್ದು ಎರಡು, ಒಂದು ಉಳಿಯಿತು. ಉಳಿದ ಕುಂಬಳಕಾಯಿ ಹರಿಕೃಷ್ಣನನ್ನೇ ನೋಡುತ್ತಿತ್ತು.

ಏಳನೇ ದಿಮ್ಮಿಯ ಮೇಲೆ ಅವನಿಗೆ ಮೊದಲಿಂದಲೂ ಅಳುಕು. ತೊಡೆಯೆತ್ತರದ ನೀಲಗಿರಿ ದಿಮ್ಮಿ. ಆಚೆ ನೆಲ ಇಳಿಜಾರು, ಈಚೆಯಿಂದ ಕಾಣುವುದಿಲ್ಲ. ಆ ಬೆಳಗ್ಗೆ ತನುಜ ಅಲ್ಲಿ ಮೂರು ಸಲ ನಡೆದು ನೋಡಿದ್ದಳು. ಮೂರು ಸಲ ನೋಡಬೇಕಾದರೆ ಅಲ್ಲೇನೋ ಇದೆ ಎಂದುಕೊಂಡ. ಅವಳ ನಡಿಗೆ ಮುಗಿದ ಮೇಲೆ ಕುಂಬಳಕಾಯಿ, ಕುಂಕುಮ ಹಿಡಿದುಕೊಂಡು ಹೋದ. ಈಚೆ ಒಡೆದರೆ ಅವಳ ಕಣ್ಣಿಗೆ ಬೀಳುತ್ತದೆ, ಬೈಯುತ್ತಾಳೆ. ಆದ್ದರಿಂದ ದಿಮ್ಮಿಯ ಆಚೆ, ಯಾರಿಗೂ ಕಾಣದ ಹಾಗೆ ಒಡೆದ. ಅಷ್ಟು ಬುದ್ಧಿ ಅವನಿಗಿತ್ತು.

ಆ ದಿಮ್ಮಿಯ ಬಳಿ ನಿಂತು ಯಾರು ಸರಿಯಾಗಿ ಹಾರಿದರೆಂದು ಬರೆಯುವ ಕೆಲಸವೂ ಅವನದೇ. ದಾರಿ ತೋರಿಸಲೆಂದು ಮೊದಲು ಹೊರಟವಳು ತನುಜ. ಆರನೆಯದನ್ನು ನೀರು ಕುಡಿದಷ್ಟು ಸಲೀಸಾಗಿ ಹಾರಿ ಬಂದಳು. ಏಳನೆಯದರ ಮುಂದೆ ಸೀನ ಸರಿಯಾದ ಜಾಗದಲ್ಲೇ ಮುಂಗಾಲೆತ್ತಿದ. ಎತ್ತಿದಾಗಲೇ ಅವನಿಗೆ ಆಚೆ ಕಂಡಿತು. ಹಸಿರಿನ ಮೇಲೆ ಬಿಳಿ ಹೋಳು, ಹೋಳಿನ ಮೇಲೆ ಕೆಂಪು. ಕಿವಿ ನೆಟ್ಟಗಾಯಿತು, ಹಾರಲು ಹೊರಟವನು ಗಾಳಿಯಲ್ಲೇ ಬೇಡವೆಂದುಕೊಂಡ. ಮುಂಗಾಲು ದಿಮ್ಮಿಗೆ ಬಡಿಯಿತು. ಕುದುರೆ ಮುಗುಚಿತು. ತನುಜ ಮುಂದಕ್ಕೆ ಬಿದ್ದಳು, ಉರುಳಿದಳು ಕೂಡ. ಆದರೆ ಸೀನನೂ ಅದೇ ಕಡೆಗೆ ಉರುಳಿದ.

ಸೀನ ಎದ್ದು ನಿಂತ. ತನುಜ ಏಳಲಿಲ್ಲ. ಎಡತೊಡೆ, ಸೊಂಟದ ಮೂಳೆ, ಹೆಗಲ ಮೂಳೆ ಮುರಿದಿದ್ದವು. ತಲೆಯ ಹೆಲ್ಮೆಟ್ಟು ಸೀಳಿಹೋಗಿತ್ತು.

ಓಡಿ ಬಂದವರ ಕಣ್ಣೆಲ್ಲ ತನುಜಳ ಮೇಲಿತ್ತು, ಹುಲ್ಲಿನಲ್ಲಿ ಚೆದುರಿದ್ದ ಹೋಳುಗಳನ್ನು ಯಾರೂ ಗಮನಿಸಲಿಲ್ಲ. ಆಂಬುಲೆನ್ಸು ಹೋದ ಮೇಲೆ ಎಲ್ಲರೂ ಗೇಟಿನ ಕಡೆ ಓಡಿದರು. ಹರಿಕೃಷ್ಣ ಹಿಂದುಳಿದು ಕುಂಬಳದ ಹೋಳುಗಳನ್ನು ಆಯ್ದು ಜಾಲಿ ಪೊದೆಗೆ ಎಸೆದ. ವಾಪಸು ಬಂದಾಗ ಅವನ ಕೈಯೆಲ್ಲ ಕೆಂಪು. ರಮೇಶ್‌ಬಾಬು ಅವನ ಹೆಗಲು ಹಿಡಿದು, ‘ಪಾಪ, ನೀನೊಬ್ಬನೇ ಎತ್ತಿ ಕೂರಿಸೋಕೆ ನೋಡಿದ್ಯಲ್ಲಪ್ಪ. ಹೋಗು, ರಕ್ತ ತೊಳ್ಕೊ,’ ಎಂದರು. ಅವನು ತಲೆಯಾಡಿಸಿದ.

ಅಪಘಾತದ ವರದಿ ಬರೆಯಬೇಕಾದವನೂ ಅವನೇ. ‘ಕಾರಣ’ ಎಂಬ ಕಡೆ ‘ತಿಳಿದಿಲ್ಲ’ ಎಂದು ಬರೆದ. ಈ ಸಲ ಕಾಗುಣಿತ ಸರಿಯಾಗಿತ್ತು.

ಬೆಂಗಳೂರಿನಲ್ಲಿ ಎರಡು ಆಪರೇಷನ್, ತೊಡೆಯೊಳಗೊಂದು ಉದ್ದನೆಯ ರಾಡು. ಆಮೇಲೆ ನಗರಗೆರೆಯ ಮನೆಯಲ್ಲಿ ಎರಡು ತಿಂಗಳು ಅಂಗಾತ ಮಲಗಿದ್ದಳು. ಹರಿಕೃಷ್ಣ ಪ್ರತಿ ಭಾನುವಾರ ಸೀಬೆಹಣ್ಣು ತೆಗೆದುಕೊಂಡು ಹೋಗುತ್ತಿದ್ದ. ‘ರಾ ನಾಯನಾ, ಬಾಪ್ಪ, ನೀನೊಬ್ಬ ಮರೀದೆ ಬರ್ತೀಯ,’ ಎಂದು ತನುಜಳ ತಾಯಿ ಗಂಗುಲಮ್ಮ ಕಾಫಿ ಕೊಡುತ್ತಿದ್ದರು. ಆ ಕಾಫಿಯನ್ನು ಅವನು ಒಂದು ವಾರವೂ ಬೇಡ ಎನ್ನಲಿಲ್ಲ.

ಏಪ್ರಿಲ್ ಕೊನೆಗೆ ವಾಕರ್ ಹಿಡಿದು ನಿಂತಳು. ಮೊದಲು ದಾಟಬೇಕಾದದ್ದು ಹೊಸಿಲು. ಅದರ ಮುಂದೆ ನಿಂತು ಎಣಿಸಿದಳು, ಮತ್ತೆ ಎಣಿಸಿದಳು, ಬೆವರಿದಳು, ವಾಪಸು ಹೋಗಿ ಕೂತಳು. ಹೊಸಿಲು ದಾಟಲು ಒಂಬತ್ತು ದಿನ ಹಿಡಿಯಿತು. ಮೂಳೆಯ ಡಾಕ್ಟರಿಗೆ ಇದರಲ್ಲಿ ಕಾರಣ ಕಾಣಲಿಲ್ಲ. ‘ಕಾಲು ಸರಿಯಿದೆ ಮೇಷ್ಟ್ರೇ. ಧೈರ್ಯ ಬರ್ಬೇಕು,’ ಎಂದರು.

ಆರನೇ ದಿಮ್ಮಿಯಿಂದ ಆಸ್ಪತ್ರೆಯ ಬಿಳಿ ಸೂರಿನವರೆಗೆ ಅವಳಿಗೆ ಏನೂ ನೆನಪಿರಲಿಲ್ಲ. ನೋಡಿದವನು ಹರಿಕೃಷ್ಣ ಒಬ್ಬನೇ. ಅಂಗಳದಲ್ಲಿ ಇದ್ದಿಲಿನಿಂದ ಗೆರೆ ಎಳೆದು, ಒನಕೆಯನ್ನು ದಿಮ್ಮಿಯ ಜಾಗದಲ್ಲಿಟ್ಟು ಕೇಳುತ್ತಿದ್ದಳು.

‘ಸೀನ ಎಲ್ಲಿ ಕಾಲೆತ್ತಿದ ಹರಿ? ಹತ್ರಾನಾ, ದೂರಾನಾ?’

‘ಸರಿಯಾಗಿ ನೋಡ್ಲಿಲ್ಲ ಅಕ್ಕ.’

‘ನೋಡಿದ್ದೀಯ. ನಂಗೆ ನೋವಾಗ್ತದೆ ಅಂತ ಹೇಳ್ತಿಲ್ಲ. ನಾನೇ ಎಣಿಕೆ ತಪ್ಪಿ ದೂರದಿಂದ ಹಾರ್ಸಿದೆ, ಅಲ್ವಾ?’

ಅವನು ನೆಲ ನೋಡಿದ. ಅವಳು ಅದನ್ನು ಹೌದೆಂದು ತಿಳಿದಳು. ಅಲ್ಲವೆನ್ನಲು ಒಂದು ಪದ ಸಾಕಿತ್ತು. ಅದರ ಹಿಂದೆ ಕುಂಬಳಕಾಯಿಯೂ ಬರಬೇಕಿತ್ತು. ವಾರಕ್ಕೊಂದು ಸಲ, ಎಂಟು ತಿಂಗಳು ಅವನು ಸುಮ್ಮನಿದ್ದ. ಗೌರಿಬಿದನೂರು ದಾಟುವಾಗ ಬೈಕಿನ ಮೇಲೆ ಎಲ್ಲವನ್ನೂ ಜೋರಾಗಿ ಹೇಳಿಕೊಳ್ಳುತ್ತಿದ್ದ. ನಗರಗೆರೆ ತಲುಪುವಷ್ಟರಲ್ಲಿ ಸೀಬೆಹಣ್ಣಿನ ಮಾತು ಮಾತ್ರ ಉಳಿಯುತ್ತಿತ್ತು.

ಅಕ್ಟೋಬರಿನಲ್ಲಿ ತನುಜ ಕೋಲೂರಿಕೊಂಡು ಶಾಲೆಗೆ ಬಂದಳು. ಕೆಲಸ ಬಿಡುವ ಕಾಗದ ಕೈಯಲ್ಲಿತ್ತು. ಹಾಲಿನ ಸಂಘವೊಂದರಲ್ಲಿ ದನಗಳ ಲಸಿಕೆಯ ಕೆಲಸ ಗೊತ್ತುಮಾಡಿಕೊಂಡಿದ್ದಳು. ‘ಎಣಿಸಕ್ಕೆ ಬರದೋಳು ಬೇರೆಯೋರ ಮಕ್ಕಳನ್ನ ಹೆಂಗೆ ಹತ್ತಿಸಲಿ?’ ಎಂದಳು. ಅದೇ ಮಧ್ಯಾಹ್ನ ಸೀನನನ್ನೂ ಕಳಿಸುವುದಿತ್ತು. ಅವನ ಹಣೆಯಲ್ಲಿ ಕೆಟ್ಟ ಸುಳಿಯಿದೆ ಎಂದು ಯಾರೋ ರಮೇಶ್‌ಬಾಬುವಿನ ಕಿವಿ ಊದಿದ್ದರು. ಚಿಂತಾಮಣಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುವವರು ಬರುವವರಿದ್ದರು.

‘ಪಟಾಕಿ, ಬ್ಯಾಂಡು, ಅದರ ಮಧ್ಯೆ ಇವ್ನು,’ ಎಂದು ಮುನಿಗಂಗಪ್ಪ ಸೀನನ ಕುತ್ತಿಗೆ ಸವರಿದ. ‘ಒಂದು ಮುಹೂರ್ತಾನೂ ತಡೆಯಲ್ಲ ಕಣಮ್ಮ.’

‘ಕೊನೇ ಸಲ ಏಳನೇದು ನೋಡ್ಬೇಕು,’ ಎಂದಳು ತನುಜ.

ಮೂವರೂ ಹೋದರು, ಸೀನನೂ. ಅಪಘಾತದ ಮೇಲೆ ಆ ಕಡೆ ಯಾರೂ ಹುಲ್ಲು ಕೊಯ್ದಿರಲಿಲ್ಲ. ತನುಜ ಕುಂಟುತ್ತ ಎಣಿಸಿದಳು, ಲೆಕ್ಕ ಕೂಡಲಿಲ್ಲ. ಹೆಜ್ಜೆ ಗಿಡ್ಡವಾಗಿತ್ತು. ‘ಹರಿ, ನೀನು ನಡಿ. ದೊಡ್ಡ ಹೆಜ್ಜೆ ಹಾಕು.’ ಅವನು ನಡೆದ. ನಾಲ್ಕು, ನಾಲ್ಕು, ಕೊನೆಗೆ ಕುದುರೆ ಕಾಲೆತ್ತುವ ಜಾಗಕ್ಕೆ ಎರಡು. ಪುಸ್ತಕದಲ್ಲಿ ಬರೆದಿದ್ದದ್ದೂ ಅಷ್ಟೇ. ಅವಳು ಪುಸ್ತಕ ನೋಡಿದಳು, ದಿಮ್ಮಿ ನೋಡಿದಳು.

‘ಲೆಕ್ಕ ಸರಿಯಿದೆ. ಹಂಗಾದ್ರೆ ನಾನು ಓಟದಲ್ಲಿ ಏನೋ ಕೆಡಿಸಿದ್ದೀನಿ.’

ಅಷ್ಟರಲ್ಲಿ ದಿಮ್ಮಿಯ ಆಚೆಯಿಂದ ಮುನಿಗಂಗಪ್ಪ ಕೂಗಿದ. ‘ಅಮ್ಮಯ್ಯ, ಇಲ್ನೋಡು! ಬೂದುಗುಂಬಳದ ಬಳ್ಳಿ! ಎಷ್ಟು ಸೊಂಪಾಗಿ ಹಬ್ಬೈತೆ, ಒಂದು ಕಾಯೂ ಬಿಟ್ಟೈತೆ. ಯಾರೂ ಹಾಕ್ದೆ ಇಲ್ಲಿಗೆ ಹೆಂಗೆ ಬಂತೋ ಕಾಣೆ.’

ಇಬ್ಬರೂ ದಿಮ್ಮಿಯ ಆಚೆಗೆ ಸುತ್ತಿ ಹೋದರು. ಮಳೆಗಾಲ ತನ್ನ ಕೆಲಸ ಮಾಡಿತ್ತು. ಹರಿಕೃಷ್ಣ ಹೋಳುಗಳನ್ನು ಆಯ್ದಿದ್ದ, ಬೀಜಗಳನ್ನು ಆಯ್ದಿರಲಿಲ್ಲ.

‘ನಾನು,’ ಎಂದ.

‘ನೀನು ಯಾವಾಗಯ್ಯ ಬೇಸಾಯ ಮಾಡ್ದೆ?’ ಎಂದು ಮುನಿಗಂಗಪ್ಪ ನಕ್ಕ.

‘ಹಾಕಿದ್ದಲ್ಲ. ಒಡೆದಿದ್ದು. ಅವತ್ತು, ಅಕ್ಕ ನಡೆದು ನೋಡಿ ಹೋದ ಮೇಲೆ.’

ಮುನಿಗಂಗಪ್ಪನ ನಗು ಅಲ್ಲೇ ನಿಂತಿತು. ತನುಜ ಬೈಯುತ್ತಾಳೆಂದು ಹರಿಕೃಷ್ಣ ಕಾದ. ಅವಳು ಬೈಯಲಿಲ್ಲ. ಡಾಕ್ಟರು ಕೇಳುವ ಹಾಗೆ ಒಂದೊಂದಾಗಿ ಕೇಳಿದಳು.

‘ಎಲ್ಲಿ?’

‘ಇಲ್ಲೇ. ಈ ಬಳ್ಳಿ ಬುಡದಲ್ಲಿ.’

‘ಕುಂಕುಮ ಹಾಕಿದ್ಯಾ?’

‘ಹೂಂ.’

‘ಸೀನ ಕಾಲೆತ್ತಿದ್ದು?’

‘ಸರಿಯಾದ ಜಾಗದಲ್ಲೇ ಅಕ್ಕ. ಎತ್ತಿದ ಮೇಲೆ ಇದನ್ನ ನೋಡ್ದ.’

ಅವಳು ದಿಮ್ಮಿಯ ಮೇಲೆ ನಿಧಾನವಾಗಿ ಕೂತಳು. ಆಮೇಲೆ ಕೈ ಚಾಚಿದಳು. ಸೀನ ಬಂದು ಅಂಗೈಗೆ ಮೂತಿ ಇಟ್ಟ. ‘ನೀನೂ ತಪ್ಪಿಲ್ಲ, ನಾನೂ ತಪ್ಪಿಲ್ಲ ಅಂತೆ ಕಣೋ,’ ಎಂದಳು ಅವನಿಗೆ. ಕೆಲಸ ಬಿಡುವ ಕಾಗದವನ್ನು ನಾಲ್ಕಾಗಿ ಮಡಚಿ ಪುಸ್ತಕದೊಳಗೆ ಸೇರಿಸಿದಳು.

‘ಮುನಿಗಂಗಪ್ಪಣ್ಣ, ಇವನನ್ನ ಲಾಯದಲ್ಲಿ ಕಟ್ಟು. ಚಿಂತಾಮಣಿಯೋರು ಬಂದ್ರೆ ಕಾಫಿ ಕೊಟ್ಟು ಕಳ್ಸು, ಸಾರ್ ಹತ್ರ ನಾನು ಮಾತಾಡ್ತೀನಿ.’ ಆಮೇಲೆ ಹರಿಕೃಷ್ಣನ ಕಡೆ ತಿರುಗಿದಳು. ‘ನೀನು ಹೋಗಿ ರಮೇಶ್‌ಬಾಬು ಸಾರ್‌ಗೆ ಹೇಳ್ತೀಯ. ಆಮೇಲೆ ಆ ವರದೀಲಿ ಕಾರಣ ತಿದ್ದಿ ಬರೀತೀಯ. ಇವತ್ತೇ.’

‘ಕೆಲಸದಿಂದ ತೆಗೀತಾರೆ.’

‘ತೆಗೀಬೋದು.’

ಮುನಿಗಂಗಪ್ಪ ಸೀನನನ್ನು ಕರೆದುಕೊಂಡು ಹೋದ. ತನುಜ ಕೋಲೂರಿ ಎದ್ದಳು. ಹರಿಕೃಷ್ಣ ಕೈ ಕೊಡಲು ಹೋದ, ಅವಳು ಹಿಡಿಯಲಿಲ್ಲ. ಕೇಳಬಾರದೆಂದು ಗೊತ್ತಿದ್ದೂ ಅವನು ಕೇಳಿದ.

‘ಅಕ್ಕ, ನನ್ನನ್ನ ಕ್ಷಮಿಸ್ತೀರಾ?’

‘ಕುಂಬಳಕಾಯಿಗೆ ಕ್ಷಮಿಸ್ತೀನಿ,’ ಎಂದಳು ತನುಜ. ‘ನಮ್ಮಮ್ಮನ ಕೈಲಿ ಕಾಫಿ ಈಸ್ಕೊಂಡು ಕುಡೀತಾ, ನಾನು ಎಣಿಕೆ ತಪ್ಪಿದೆ ಅಂತ ಅಳೋದನ್ನ ಎಂಟು ತಿಂಗ್ಳು ನೋಡ್ಕೊಂಡು ಕೂತಿದ್ಯಲ್ಲ, ಅದಕ್ಕಿಲ್ಲ.’