ಹುರುಳಿ ಹೊಟ್ಟು ನುಂಗಿದ ಕಾರು

ಕಾರಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಈಗ ಕೇಳುತ್ತೇನೆ. ಕೇಳುವ ಬುದ್ಧಿ ಬಂದ ಬೆಳಗು ನನ್ನ ಹೆಂಡತಿಗೆ ದುಬಾರಿಯಾಯಿತು.

ನಮ್ಮೂರು ಅಜ್ಜಂಪುರದ ಹತ್ತಿರ. ನನ್ನದು ಹಳೆಯ ಡೀಸೆಲ್ ಕಾರು. ಏರು ಬಂದರೆ ಏದುಸಿರು ಬಿಡುತ್ತಿತ್ತು. ಎಂಜಿನ್ನಿಗೆ ತಣ್ಣನೆಯ ಗಾಳಿ ಧಾರಾಳವಾಗಿ ಸಿಕ್ಕರೆ ಎಳೆತ ಹೆಚ್ಚುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತಲೆಗೆ ಏರಿಸಿಕೊಂಡಿದ್ದೆ. ತರೀಕೆರೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ, ಕಂಪನಿಯವರು ಮೇಲೆ ಕೊಟ್ಟಿದ್ದ, ಗಾಳಿ ಸೋಸುವ ಫಿಲ್ಟರ್ ಡಬ್ಬ ತೆಗೆಸಿದೆ. ಅದರ ಬದಲು ಎಣ್ಣೆ ಸವರಿದ ಬಟ್ಟೆಯ ಫಿಲ್ಟರೊಂದನ್ನು ಮುಂದಿನ ಬಂಪರಿನ ಹಿಂದೆ, ಕೆಳಗೆ, ಕೂರಿಸಲು ಹೇಳಿದೆ.

ಅವರು ಕೈ ಒರೆಸಿಕೊಳ್ಳುತ್ತಾ, “ಇಷ್ಟು ಕೆಳಗೆ ಬ್ಯಾಡ ಕಣ್ರೀ. ನಿಮ್ ಕಡೆ ಈಗ ಒಕ್ಕಣೆ ಕಾಲ. ಹೊಟ್ಟು ಎಳ್ಕೊಂಡ್ಬಿಡ್ತದೆ,” ಎಂದರು.

“ತಣ್ಣನೆ ಗಾಳಿ ಕೆಳಗೇ ಸಿಗೋದು. ನೀವು ಹಾಕ್ರೀ,” ಎಂದೆ.

ಹಾಕಿದರು. ಬರುವಾಗ ಕಾರು ಏರುಗಳನ್ನೆಲ್ಲ ನಗುನಗುತ್ತಾ ಹತ್ತಿತು. ಕಾಲು ಒತ್ತಿದರೆ ಮುಂದಿನಿಂದ ಸುಂಯ್ ಎಂದು ಗಾಳಿ ಎಳೆಯುವ ಸದ್ದು. ಹೆಂಡತಿಯನ್ನು ಅಂಗಳಕ್ಕೆ ಕರೆದು, ಆಕ್ಸಿಲರೇಟರ್ ಒತ್ತಿ ಒತ್ತಿ ಕೇಳಿಸಿದೆ. ಅವಳ ಕೈಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕವಿತ್ತು, ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟುಕೊಂಡೇ ಇದ್ದಳು. “ಚೆನ್ನಾಗಿದೆ,” ಎಂದು ಹೇಳಿ ಒಳಗೆ ಹೋದಳು.

ಅವಳು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಳು. ಹಿಂದೆ ಎರಡು ಸಲ ಸ್ವಲ್ಪದರಲ್ಲಿ ತಪ್ಪಿತ್ತು. ಈ ಸಲದ್ದು ಮುಗಿದರೆ ವಯಸ್ಸಿನ ಮಿತಿ ದಾಟುತ್ತಿತ್ತು, ಮತ್ತೆ ಅರ್ಜಿ ಹಾಕುವ ಹಾಗಿರಲಿಲ್ಲ. ಪರೀಕ್ಷೆ ಕಡೂರಿನಲ್ಲಿ, ಗೇಟು ಹಾಕುವುದು ಸರಿಯಾಗಿ ಒಂಬತ್ತೂವರೆಗೆ. ಏಳು ಗಂಟೆ ಬಸ್ಸಿಗೆ ಹೋಗುತ್ತೇನೆ ಎಂದಳು. ಮನೆ ಮುಂದೆ ಇಂಥ ಕಾರು ನಿಂತಿರುವಾಗ ಬಸ್ಸಂತೆ ಎಂದು ನನಗೆ ರೇಗಿತು. “ಎಂಟಕ್ಕೆ ಹೊರಟ್ರೂ ಒಂಬತ್ತರೊಳಗೆ ಗೇಟ್ ಮುಂದೆ ಇಳಿಸ್ತೀನಿ ಕಣೇ,” ಎಂದೆ. ಅವಳು ವಾದ ಮಾಡಲಿಲ್ಲ.

ಪರೀಕ್ಷೆಯ ದಿನ ಹೊರಟಾಗ ಎಂಟೂಕಾಲು. ತಡವಾಗಿದ್ದು ನನ್ನಿಂದಲೇ, ಗಾಜು ಒರೆಸುತ್ತಾ ನಿಂತಿದ್ದೆ. ಊರು ದಾಟಿ ಎರಡು ಮೈಲಿ ಹೋಗುವಷ್ಟರಲ್ಲಿ ರಸ್ತೆಯ ಮೇಲೆ ಹುರುಳಿ ಹರಡಿತ್ತು. ಸುಗ್ಗಿಯಲ್ಲಿ ನಮಗೆ ಡಾಂಬರು ರಸ್ತೆಯೇ ಕಣ. ಹುರುಳಿಯನ್ನು ಬಳ್ಳಿ ಸಮೇತ ಕಿತ್ತು ತಂದು ಹಾಸುತ್ತಾರೆ, ಬಸ್ಸು ಲಾರಿಗಳು ಹಾದು ಹಾದು ಕಾಳು ಬಿಡಿಸುತ್ತವೆ. ಗುರುತಿನವರ ಹುರುಳಿ ಕಂಡರೆ ಅದರ ಮೇಲೇ ಹಾಯಿಸಬೇಕು. ಪಕ್ಕಕ್ಕೆ ತಿರುಗಿಸಿಕೊಂಡು ಹೋದರೆ ಇವನಿಗೆ ಸೊಕ್ಕು ಬಂತು ಎನ್ನುತ್ತಾರೆ. ಆ ಹುರುಳಿ ನಮ್ಮ ದೊಡ್ಡಪ್ಪನದು. ಬಳ್ಳಿ ತಿರುವಿಹಾಕುವ ಕವೆಗೋಲು ಹಿಡಿದು ನಡುರಸ್ತೆಯಲ್ಲೇ ನಿಂತಿದ್ದರು.

“ಲೇ, ಬೆಳಗ್ಗಿಂದ ಬರೀ ಬೈಕೇ ಬತ್ತಾವೆ ಕಣೋ. ನಿನ್ ಗಾಡಿ ತೂಕದ್ದು. ಹಿಂದಕ್ಕೂ ಮುಂದಕ್ಕೂ ಎರಡು ಸಲ ಹಾಯ್ಸಿ ಹೋಗು.”

ಹೆಂಡತಿ ಗಡಿಯಾರ ನೋಡಿದಳು. “ರೀ, ಬರ್ತಾ ಹಾಯ್ಸಿದ್ರಾಯ್ತು,” ಎಂದಳು ಮೆಲ್ಲಗೆ.

ದೊಡ್ಡಪ್ಪನ ಮಾತು ತೆಗೆದುಹಾಕುವುದು ಹೇಗೆ ಎಂದು ಆಗ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅವರಿಗೂ ಆ ಸದ್ದು ಕೇಳಿಸುವ ಆಸೆ ನನಗಿತ್ತು. ಎರಡಲ್ಲ, ನಾಲ್ಕು ಸಲ ಹಾಯಿಸಿದೆ. ಬಂಪರಿನ ಮುಂದೆ ಹೊಟ್ಟು ಮೋಡದ ಹಾಗೆ ಏಳುತ್ತಿತ್ತು. ದೊಡ್ಡಪ್ಪ “ಗಾಡಿ ಅಂದ್ರೆ ಇದು,” ಎಂದರು. ನಾನು ಉಬ್ಬಿಹೋದೆ.

ಬೀರೂರಿಗೆ ಇನ್ನೂ ದೂರವಿರುವಾಗಲೇ ಕಾರು ಸೋಲತೊಡಗಿತು. ಕಾಲನ್ನು ಪೂರ್ತಿ ಒತ್ತಿದರೂ ಎಳೆತವಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಒಂದು ಸಣ್ಣ ಏರಿನಲ್ಲಿ ತಿಣುಕಿ ತಿಣುಕಿ ನಿಂತೇಬಿಟ್ಟಿತು. ಆಗ ಎಂಟು ಐವತ್ತು.

ಅಂಗಾತ ಮಲಗಿ ಬಂಪರಿನ ಕೆಳಗೆ ಕೈ ಹಾಕಿದೆ. ಫಿಲ್ಟರ್ ಕಾಣಿಸಲೇ ಇಲ್ಲ. ಎಣ್ಣೆಗೆ ಹೊಟ್ಟು ಮೆತ್ತಿಕೊಂಡು ಸಗಣಿ ಉಂಡೆಯಂತಾಗಿತ್ತು. ಬಿಚ್ಚಿ ಟೈರಿಗೆ ಬಡಿದೆ, ಊದಿದೆ, ಉಗುರಿನಿಂದ ಕೆರೆದೆ. ಒಂದು ಪದರ ಉದುರಿದರೆ ಒಳಗೆ ಇನ್ನೊಂದು ಪದರ.

“ಅದನ್ನ ಬಿಟ್ಟು ಹಾಗೇ ಓಡ್ಸಕ್ಕಾಗಲ್ವಾ?” ಎಂದಳು.

“ಆಗುತ್ತೆ. ಆದ್ರೆ ಧೂಳು ನೇರ ಒಳಗೆ ಹೋಗುತ್ತೆ. ಎಂಜಿನ್ನಿನ ಟರ್ಬೋ ಹಾಳಾಗುತ್ತೆ.”

ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ರಸ್ತೆಯ ಅಂಚಿಗೆ ಹೋಗಿ ನಿಂತಳು. “ಐದು ನಿಮಿಷ ಕಣೇ, ಆಗೋಯ್ತು,” ಎನ್ನುತ್ತಾ ನಾನು ಮತ್ತೆ ಕೆರೆಯಲು ಕೂತೆ. ಹಾಲಿನ ವ್ಯಾನೊಂದು ನಿಂತು ಹೊರಟ ಸದ್ದು ಕೇಳಿ ತಲೆ ಎತ್ತಿದಾಗ ಅವಳು ಅದರಲ್ಲಿ ಕೂತು ಹೋಗಿಯಾಗಿತ್ತು. ಹಾಲ್ ಟಿಕೆಟ್ ತೆಗೆದುಕೊಂಡಿದ್ದಳು. ಪರೀಕ್ಷೆಗೆ ಬಿಡುವುದಿಲ್ಲವೆಂದು ಮೊಬೈಲನ್ನು ಸೀಟಿನ ಮೇಲೆ ಬಿಟ್ಟಿದ್ದಳು.

ಫಿಲ್ಟರನ್ನು ಒಂದು ಮಟ್ಟಕ್ಕೆ ತಂದು, ತೆವಳಿಕೊಂಡು ಕಡೂರು ತಲುಪಿದಾಗ ಹತ್ತಾಗಿತ್ತು. ಗೇಟು ಹಾಕಿತ್ತು. ಹೊರಗೆ ಮೂರು ನಾಲ್ಕು ಜನ ಕಾವಲಿನವರಿಗೆ ಕೈ ಮುಗಿಯುತ್ತಿದ್ದರು. ಅವರಲ್ಲಿ ಅವಳಿರಲಿಲ್ಲ. ಅಬ್ಬ, ಒಳಗೆ ಹೋಗಿದ್ದಾಳೆ ಎಂದು ಜೀವ ಬಂದಂತಾಯಿತು. ಆದರೂ ಸುಮ್ಮನೆ ಕೂರಲಾಗಲಿಲ್ಲ. ವ್ಯಾನು ದಾರಿಯಲ್ಲಿ ಎಲ್ಲೆಲ್ಲಿ ನಿಂತಿತೋ, ಓಡಿ ಬಂದ ದಣಿವಿನಲ್ಲಿ ಬರೆಯಲಾಗುತ್ತಿದೆಯೋ ಇಲ್ಲವೋ ಎಂದು ಗೇಟಿನ ಮುಂದೆ ಶತಪಥ ಹಾಕಿದೆ. ಅವಳು ಪಾಸಾದರೆ ಕಾರು ಮಾರಿಬಿಡುತ್ತೇನೆ ಎಂದೂ ಅಂದುಕೊಂಡೆ. ಅಷ್ಟರಲ್ಲೇ, ಮಾರುವುದ್ಯಾಕೆ, ಹಳೆ ಡಬ್ಬ ವಾಪಸ್ ಹಾಕಿಸಿದರೆ ಸಾಕು ಎಂದೂ ಅಂದುಕೊಂಡೆ.

ಪರೀಕ್ಷೆ ಮುಗಿದು ಗೇಟು ತೆಗೆದರು. ಗುಂಪು ಗುಂಪಾಗಿ ಬಂದರು, ಆಮೇಲೆ ಒಬ್ಬೊಬ್ಬರಾಗಿ ಬಂದರು, ಆಮೇಲೆ ಯಾರೂ ಬರಲಿಲ್ಲ. ಒಳಗೆ ಹೋಗಿ ಕೋಣೆ ಕೋಣೆ ಇಣುಕಿದೆ. ಬೆಂಚುಗಳೆಲ್ಲ ಖಾಲಿ. ಆ ವ್ಯಾನಿಗೆ ಏನಾದರೂ ಆಯಿತೇ ಎಂದು ಹೆದರಿದೆ. ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು.

“ಅವಳು ಆಗ್ಲೇ ಬಸ್ಸಲ್ಲಿ ಬಂದ್ಳಲ್ಲೋ. ಮುದ್ದೆ ತೊಳಸ್ತಾ ಅವ್ಳೆ. ನೀನೆಲ್ಲಿದೀಯ?”

ಮನೆ ತಲುಪಿದಾಗ ಮೂರಾಗಿತ್ತು. ಅವಳು ಅಡಿಗೆಮನೆಯಲ್ಲಿ ಪಾತ್ರೆ ಒರೆಸಿ ಇಡುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ದನಿ ಮಾತ್ರ ದಿನದ ಹಾಗೇ ಇತ್ತು.

“ಒಂಬತ್ತು ಮೂವತ್ನಾಲ್ಕಕ್ಕೆ ಹೋದೆ. ಗೇಟ್ ಹಾಕಿದ್ರು.”

“ಅಲ್ಲೇ ನಿಂತಿರ್ಬೋದಿತ್ತಲ್ಲೇ. ನಾನು ಬರ್ತಿದ್ದೆ,” ಎಂದೆ.

“ನಿಂತಿದ್ರೆ ನೀವು ಬಂದು ಗಾಡಿಗೆ ಏನಾಯ್ತು ಅಂತ ಹೇಳ್ತಿದ್ರಿ,” ಎಂದಳು. “ಅದನ್ನ ಕೇಳಿಸ್ಕೊಳ್ಳೋ ಶಕ್ತಿ ನಂಗಿರ್ಲಿಲ್ಲ ಕಣ್ರೀ.”