ಅವ್ವನ ದ್ಯಾಮವ್ವ ಯಾವ ತಾಲ್ಲೂಕಿನವಳು

ನಾನು ಹುಟ್ಟಿದ್ದು ಧಾರವಾಡ ಜಿಲ್ಲೆಯಲ್ಲಿ, ಈಗ ಇರುವುದು ಹಾವೇರಿ ಜಿಲ್ಲೆಯಲ್ಲಿ. ಹಾಗಂತ ಹಾನಗಲ್ ಬಿಟ್ಟು ಎಲ್ಲಿಯೂ ಹೋದವಳಲ್ಲ. ತವರಿನ ಓಣಿಯಿಂದ ಎರಡು ಓಣಿ ಆಚೆಗೆ ಮದುವೆಯಾಗಿ ಬಂದೆ, ಅಷ್ಟೇ. ಜಿಲ್ಲೆ ತಾನಾಗಿಯೇ ಬದಲಾಯಿತು. ಇವೆಲ್ಲ ರೇಷನ್ ಕಾರ್ಡಿಗೆ ಬೇಕಾಗುವ ಮಾತು, ದೇವರ ದೀಪ ಹಚ್ಚಿ ರೊಟ್ಟಿ ಬಡಿಯುವವರಿಗೆ ಬೇಕಾದದ್ದಲ್ಲ ಎಂದುಕೊಂಡಿದ್ದೆ. ಅವ್ವನ ಹರಕೆ ನನಗೆ ಬುದ್ಧಿ ಕಲಿಸಿತು.

ಅವ್ವ ಹುಟ್ಟುವುದಕ್ಕೆ ಮುಂಚೆ ನನ್ನ ಅಜ್ಜಿಗೆ ಮಕ್ಕಳಾಗಿ ಉಳಿದಿರಲಿಲ್ಲವಂತೆ. ಅವ್ವ ಹೊಟ್ಟೆಯಲ್ಲಿದ್ದಾಗ ಅಜ್ಜಿ ಊರ ದ್ಯಾಮವ್ವನಿಗೆ ಹರಕೆ ಹೊತ್ತಳು: ಈ ಕೂಸು ಉಳಿದರೆ ಅದನ್ನು ಎತ್ತಿಕೊಂಡು ಬಂದು, ಮಡಿಲಲ್ಲಿ ಕೂರಿಸಿಕೊಂಡು ನಿನಗೆ ಉಡಿ ತುಂಬುತ್ತೇನೆ. ಕೂಸು ಉಳಿಯಿತು, ಹೊತ್ತವಳು ಉಳಿಯಲಿಲ್ಲ. ಬಾಣಂತನಕ್ಕೆ ಬಂದಿದ್ದ ಅಜ್ಜಿಯ ತಂಗಿ ಕೂಸನ್ನು ಹಿರೇಕೆರೂರು ಕಡೆಯ ಚಿಕ್ಕೇರೂರಿಗೆ ಎತ್ತಿಕೊಂಡು ಹೋಗಿ ಸಾಕಿದಳು. ಅಜ್ಜ ಮತ್ತೊಂದು ಮದುವೆ ಮಾಡಿಕೊಂಡು ಊರು ಬಿಟ್ಟ. ಅಲ್ಲಿಗೆ ಆ ಊರಿನ ನಂಟು ಹರಿಯಿತು.

ಜ್ವರ ಬಂದರೂ, ಕಾಲು ಉಳುಕಿದರೂ ಅವ್ವ ಒಂದೇ ಮಾತು ಹೇಳುತ್ತಿದ್ದಳು: "ಹರಕಿ ಉಳದೈತಿ." ಹೋಗಿ ತುಂಬಿ ಬರೋಣ ಎಂದರೆ, "ಕರಿಯವರ ಇಲ್ಲದ ತವರಿಗೆ ಹ್ಯಾಂಗ ಹೋಗೂದವ್ವ?" ಎನ್ನುತ್ತಿದ್ದಳು. ಆ ಊರಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಹೆಸರು, ಅದರ ಜೊತೆಗೆ ಸಾಕಿದ ಚಿಗವ್ವ ಹೇಳಿದ ಎರಡು ಮಾತು. ಒಂದು, ಅದು ನವಾಬರ ಊರು. ಇನ್ನೊಂದು, ಗುಡಿಯ ಕಟ್ಟೆಯ ಮೇಲೆ ಕುಳಿತರೆ ಕೆರೆ ಕಾಣುತ್ತದೆ.

ಹೋದ ವರ್ಷ ಅವ್ವನ ಎದೆಯಲ್ಲಿ ನೀರು ತುಂಬಿತು. ಡಾಕ್ಟರು, ಏನು ಬೇಡುತ್ತಾರೋ ಮಾಡಿಕೊಡಿ ಎಂದರು. ಅವ್ವ ಬೇಡಿದ್ದು ಊಟವನ್ನಲ್ಲ, ಆ ಹರಕೆ ತೀರಿಸುವುದನ್ನು. ಕರೆಯುವವರಿಲ್ಲ ಎಂಬ ಮಾತನ್ನೂ ಆಗ ಬಿಟ್ಟಿದ್ದಳು.

ನಮ್ಮ ಯಜಮಾನರು ಮೊಬೈಲಿನಲ್ಲಿ ಊರು ಹುಡುಕಿದರು. "ನೋಡ್ರಿ ಅತ್ತಿ, ನಿಮ್ಮೂರಿನ ಹೆಸರಿನ ಊರು ಒಂದಲ್ಲ, ಮೂರು ಅದಾವು. ನಮ್ಮ ಹಾನಗಲ್ ತಾಲೂಕಿನಾಗೊಂದು, ಶಿಗ್ಗಾಂವಿಯಾಗೊಂದು, ಸವಣೂರಾಗೊಂದು. ಯಾವುದು ಬೇಕು ಆರಿಸ್ಕೋರಿ."

"ಚಾಷ್ಟಿ ಮಾಡಬ್ಯಾಡ್ರಿ ಅಳ್ಯಾರ. ನಮ್ಮದು ನವಾಬರ ಊರು."

"ನವಾಬರಂದ್ರ ಸವಣೂರು. ಮುಗೀತಲ್ಲ."

ನನಗೂ ಸರಿ ಎನ್ನಿಸಿತು. ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಓಣಿಯವರ ಕಾರು ಸಿಕ್ಕಿತು. ಅವ್ವನಿಗೆ ದಾರಿಯಲ್ಲಿ ವಾಂತಿ ಆಗಲಿಲ್ಲ, ಬಿಸಿಲೂ ಜೋರಿರಲಿಲ್ಲ. ಇಂಥ ಸಣ್ಣ ಸಣ್ಣ ಉಪಕಾರಗಳನ್ನು ದೇವರು ಆ ದಿನ ಬಹಳ ಮಾಡಿದ. ಸವಣೂರಿನಲ್ಲಿ ಎಳೆಯ ವೀಳ್ಯದೆಲೆ ಕೊಂಡೆವು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಹಸಿರು ಖಣ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದೆ.

ಊರಿನಲ್ಲಿ ದ್ಯಾಮವ್ವನ ಗುಡಿ ಕೇಳಿದ ಕೂಡಲೇ ತೋರಿಸಿದರು. ದ್ಯಾಮವ್ವನ ಗುಡಿ ಇಲ್ಲದ ಊರು ನಮ್ಮ ಕಡೆ ಎಲ್ಲಿದೆ? ಪೂಜಾರಿ ಬಾಗಿಲು ತೆರೆದರು. ಅಪ್ಪ ಹೋದ ಮೇಲೆ ಅವ್ವ ಯಾರಿಗೂ ಉಡಿ ತುಂಬುತ್ತಿರಲಿಲ್ಲ. ಹೀಗಾಗಿ ನಾನೇ ತುಂಬಬೇಕಾಯಿತು. ಅವಳು ಕಂಬ ಹಿಡಿದು ಮೆಲ್ಲಗೆ ನನ್ನ ಪಕ್ಕ ಕುಳಿತಳು.

"ಉಡ್ಯಾಗ ಕುಂದ್ರಿಸ್ಕೊಳ್ಳಾಕ ನಿನ್ನ ಕೈಲೆ ಆಗೂದಿಲ್ಲ. ಬಾಜೂಕ ಕುಂದ್ರತೇನಿ," ಎಂದಳು. ಪೂಜಾರಿ ಅರ್ಥವಾಗದೆ ನಕ್ಕರು. ನಾನು ಅಕ್ಕಿ ಹಾಕುವಷ್ಟು ಹೊತ್ತೂ ಅವ್ವ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ನಾಲ್ಕೂ ಕಡೆ ನೋಡಿದಳು. "ಕೆರಿ ಯಾಕಡಿ ಬರ್ತೈತ್ರಿ?"

"ಇಲ್ಲೆಲ್ಲಿ ಕೆರಿ ಬರಬೇಕ್ರಿ ಅಮ್ಮಾರ? ಹಳ್ಳ ಐತಿ, ಅಷ್ಟ," ಎಂದರು ಪೂಜಾರಿ.

"ಬತ್ತಿ ಹೋಗಿರಬೇಕು ಬಿಡವ್ವ. ಮುಚ್ಚಿ ಹೊಲ ಮಾಡಿರ್ತಾರ," ಎಂದೆ ನಾನು.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ತಲೆ ಆಡಿಸಿದಳು.

ಬರುವಾಗ ಸವಣೂರಿನ ಖಾರದ ಸೇವು ಕೊಡಿಸಿದೆವು. ಹಲ್ಲಿಲ್ಲದ ಅವ್ವ ಒಂದೊಂದೇ ಎಳೆ ಬಾಯಲ್ಲಿಟ್ಟುಕೊಂಡು ನೆನೆಸಿ ತಿಂದಳು. ಅರ್ಧ ದಾರಿ ದಾಟಿದ ಮೇಲೆ ನನ್ನ ಕೈ ಹಿಡಿದು, "ಛಲೋ ಆತವ್ವ. ದ್ಯಾಮವ್ವ ಎಲ್ಲಾ ಊರಾಗೂ ಅದಾಳ. ನೀ ಮನಸಿಗೆ ಹಚ್ಕೋಬ್ಯಾಡ," ಎಂದಳು. ನಾನು ದಣಿದಿದ್ದೇನೆ ಎಂದು ಹೀಗೆ ಹೇಳುತ್ತಿದ್ದಾಳೆ ಅಂದುಕೊಂಡು, "ನಂಗೇನಾಗೈತಿ, ನೀ ಆರಾಮ ಮಕ್ಕೊ," ಎಂದೆ.

ದೀಪಾವಳಿಗೆ ಮುಂಚೆ ಅವ್ವ ಹೋದಳು. ಮೂಗಿಗೆ ನಳಿಕೆ ಹಾಕಿಸಿಕೊಳ್ಳದೆ, ಮನೆಯಲ್ಲೇ, ನನ್ನ ಕೈಯಿಂದ ಎರಡು ಗುಟುಕು ನೀರು ಕುಡಿದು ಹೋದಳು. ಹರಕೆ ತೀರಿಸಿಯೇ ಕಳಿಸಿದೆನಲ್ಲ ಎಂಬುದೊಂದೇ ನನಗೆ ಧೈರ್ಯವಾಗಿತ್ತು. ಅತ್ತಾಗಲೆಲ್ಲ ಅದನ್ನೇ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದೆ.

ಮಾತನಾಡಿಸಿಕೊಂಡು ಹೋಗಲು ಬಂದವರಲ್ಲಿ ಯಜಮಾನರ ಸೋದರಮಾವ ಒಬ್ಬರು, ಶಿಗ್ಗಾಂವಿಯವರು. ಅವ್ವ ಸುಖವಾಗಿ ಹೋದಳೆಂದು ಹೇಳುತ್ತ, ಸವಣೂರು ತಾಲ್ಲೂಕಿಗೆ ಹೋಗಿ ಹರಕೆ ತೀರಿಸಿದ್ದನ್ನೂ ಹೇಳಿದೆ. ಊರಿನ ಹೆಸರು ಕೇಳಿ ಅವರು ಹುಬ್ಬು ಗಂಟಿಕ್ಕಿದರು.

"ಆ ಊರಿಗೆ ಯಾಕ ಹೋಗಿದ್ರಿ?"

"ನವಾಬರ ಊರಂತ ಅವ್ವ ಹೇಳಿದ್ಲ್ರಿ ಮಾಮಾ."

"ನವಾಬರ ಊರೆಲ್ಲಾ ಸವಣೂರ ಬಾಜೂಕ ಸಾಲು ಹಿಡದು ಕುಂತಿದ್ವು ಅಂತ ಮಾಡಿಯೇನು? ಒಂದು ಅಲ್ಲಿ, ಒಂದು ಇಲ್ಲಿ, ನಡುವ ಇಂಗ್ರೇಜರ ಊರು. ನೀವು ಹೋಗಿದ್ದು ನವಾಬರದ್ದಲ್ಲ, ಇಂಗ್ರೇಜರದ್ದು. ಸಂಸ್ಥಾನ ಹೋದ ಮ್ಯಾಲೆ ತಾಲೂಕು ಮಾಡೂಮುಂದ ಅದನ್ನ ಸವಣೂರಿಗೆ ಹಾಕಿದ್ರು. ಅದ ಹೆಸರಿನ ನವಾಬರ ಊರು ನಮ್ಮ ಕಡಿ ಐತಿ, ಬಂಕಾಪುರದ ಸಮೀಪ. ಅದು ಶಿಗ್ಗಾಂವಿ ತಾಲೂಕಿಗೆ ಬಂತು."

ಕೇಳಬಾರದೆಂದುಕೊಂಡೇ ಕೇಳಿದೆ. "ಅಲ್ಲಿ ಕೆರಿ ಐತೇನ್ರಿ?"

"ದ್ಯಾಮವ್ವನ ಗುಡಿ ಮುಂದ ಐತಲ್ಲ, ಅಷ್ಟು ದೊಡ್ಡದು."

ಯಜಮಾನರು ಚಹಾದ ಕಪ್ಪನ್ನು ಕೆಳಗಿಟ್ಟರು. ಮಾವನವರು ನಮ್ಮಿಬ್ಬರ ಮುಖ ನೋಡಿ, "ನಾ ಸುಮ್ನಿರಬೇಕಾಗಿತ್ತು ನೋಡವಾ," ಎಂದರು.

ಈಗಿನ ತಾಲ್ಲೂಕಿನ ಹೆಸರು ಹಿಡಿದುಕೊಂಡು ಆಗಿನ ಊರನ್ನು ಹುಡುಕಿದ್ದೆವು. ಅವ್ವ ಹುಟ್ಟಿದಾಗ ಆ ಊರು ಯಾರ ಆಳ್ವಿಕೆಯಲ್ಲಿತ್ತು, ಆಮೇಲೆ ಅದನ್ನು ಎಲ್ಲಿಗೆ ಸೇರಿಸಿದರು ಎಂದು ಮೊದಲು ಕೇಳಬೇಕಿತ್ತು. ಕೇಳಿದ್ದರೆ ಈ ಮಾವನವರೇ ಹೇಳುತ್ತಿದ್ದರು, ಒಂದು ಫೋನಿನ ದೂರದಲ್ಲಿದ್ದರು. ಹಿರಿಯರ ಊರು ಹುಡುಕುವ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದಿದರೆ, ಇಷ್ಟನ್ನು ನೆನಪಿಡಿ.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಉಡಿಯ ಗಂಟು ಕಟ್ಟಿಕೊಂಡು ಯಜಮಾನರೊಂದಿಗೆ ಬಸ್ಸಿನಲ್ಲಿ ಹೋದೆ. ಬಂಕಾಪುರದಲ್ಲಿ ಇಳಿದು ಆಟೋ ಹಿಡಿದೆವು. ಗುಡಿ ಸಣ್ಣದು, ಕಟ್ಟೆ ಎತ್ತರದ್ದು. ಉಡಿ ತುಂಬುವಾಗ ಎಡಗೈ ತಾನಾಗಿಯೇ ಸೆರಗಿನ ತುದಿಯನ್ನು ತಡಕಿತು. ಅದು ಖಾಲಿ ನೆಲದ ಮೇಲೆ ಬಿದ್ದಿತ್ತು.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಎದುರಿಗೆ ಕೆರೆ, ತುಂಬ ನೀರು. ಚಿಗವ್ವ ಹೇಳಿದ್ದು ಕೂದಲೆಳೆಯಷ್ಟೂ ಸುಳ್ಳಾಗಿರಲಿಲ್ಲ. ಆಗ ತಿಳಿಯಿತು, ಅವ್ವನಿಗೆ ಅಂದೇ ಗೊತ್ತಾಗಿತ್ತು. ಇದು ತನ್ನ ಊರಲ್ಲ ಎಂದು ತಿಳಿದೂ, ನಾನು ಇಷ್ಟು ಕಷ್ಟಪಟ್ಟು ಕರೆತಂದೆನಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಜೀವಮಾನದ ಹರಕೆಯನ್ನು ಹಾಗೇ ಇಟ್ಟುಕೊಂಡು, ನನಗೇ ಸಮಾಧಾನ ಹೇಳಿ ಹೋಗಿದ್ದಳು.

ಗುಡಿಯ ಪಕ್ಕದ ಮನೆಯ ಮುದುಕಿಯೊಬ್ಬಳು ನನ್ನನ್ನು ನೋಡುತ್ತ ನಿಂತಿದ್ದಳು. "ಯಾವೂರವ್ವ ನಿಂದು?"

"ಹಾನಗಲ್ರಿ. ನಮ್ಮವ್ವ ಈ ಊರಾಗ ಹುಟ್ಟಿದಾಕಿ."

"ಹಂಗಾರ ನೀ ನಮ್ಮೂರ ಮಗಳ ಮಗಳು. ಉಡಿ ತುಂಬಿಸ್ಕೊಳ್ಳದ ಹ್ಯಾಂಗ ಹೋಗ್ತಿ?" ಎಂದು ಒಳಗೆ ಹೋಗಿ ಮೊರದಲ್ಲಿ ಅಕ್ಕಿ ತಂದಳು. ನಾನು ಎದ್ದು ಸೆರಗೊಡ್ಡಿದೆ. ಅಕ್ಕಿ ಹಾಕುತ್ತ ಕೇಳಿದಳು: "ಅವ್ವನ್ನ ಯಾಕ ಕರ್ಕೊಂಡು ಬರಲಿಲ್ಲ?"

ನಾನು ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವಳು ಮತ್ತೆ ಕೇಳಲಿಲ್ಲ, ಇನ್ನೊಂದು ಬೊಗಸೆ ಹಾಕಿದಳು. ಆ ಎರಡು ಬೊಗಸೆಯ ಭಾರವನ್ನು ಹೊಟ್ಟೆಗೆ ಅವುಚಿಕೊಂಡು, ಆಟೋದವನು ಹಾರ್ನ್ ಹಾಕುವ ತನಕ ಕೆರೆ ನೋಡುತ್ತ ನಿಂತೆ.